ಹಳೇ ವರ್ಷನ್ ಇಟ್ಟುಕೊಂಡರೆ ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂ ಏನು ಮಾಡುತ್ತವೆ? ಅಪ್‌ಡೇಟ್‌ಗಳದ್ದೇ ಒಂದು ವಿಮರ್ಶೆ

ಮೆಸೇಜಿಂಗ್ ಆ್ಯಪ್‌ಗಳ ವಿಮರ್ಶೆ ಓದಿದರೆ ಸ್ಟಿಕ್ಕರ್ ಹೇಗಿದೆ, ಥೀಮ್ ಯಾವ ಬಣ್ಣ, ಗ್ರೂಪಿಗೆ ಎಷ್ಟು ಜನರನ್ನು ಸೇರಿಸಬಹುದು ಅನ್ನೋದೇ ಇರುತ್ತದೆ. ನನಗೆ ಬೇಕಾಗಿರೋದು ಬೇರೆ. ಆ್ಯಪ್‌ನಲ್ಲಿ ಒಂದು ತೂತು, ಅಂದರೆ ಹೊರಗಿನವರು ನುಸುಳಬಹುದಾದ ಕೋಡಿನ ದೋಷ, ಸಿಕ್ಕಿದಾಗ ಅದನ್ನು ಮಾಡಿದವರು ಏನು ಮಾಡುತ್ತಾರೆ? ನಮಗೆ ಹೇಳುತ್ತಾರಾ? ನಾವು ಅಪ್‌ಡೇಟ್ ಮಾಡದೆ ಕೂತರೆ ಬೆನ್ನು ಹತ್ತುತ್ತಾರಾ, ಸುಮ್ನೆ ಬಿಡುತ್ತಾರಾ? ಈ ಬರಹ ಅಷ್ಟಕ್ಕೇ ಸೀಮಿತ.

ನನ್ನದು ಪುಟ ವಿನ್ಯಾಸದ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಪರಿಚಯವಿಲ್ಲದ ನಂಬರ್‌ಗಳಿಂದ ಪಿಡಿಎಫ್, ಫೋಟೋ, ಫಾಂಟ್, ಜಿಪ್ ಫೈಲ್ ಬರುತ್ತಲೇ ಇರುತ್ತವೆ. 'ಗೊತ್ತಿಲ್ಲದವರು ಕಳಿಸಿದ ಫೈಲ್ ತೆರೆಯಬೇಡಿ' ಎಂಬ ಬುದ್ಧಿಮಾತು ನನ್ನ ಮಟ್ಟಿಗೆ 'ಕೆಲಸ ಬಿಟ್ಟು ಮನೆಯಲ್ಲಿರಿ' ಅಂದ ಹಾಗೆ. ಅಷ್ಟೇ ಅಲ್ಲ, ಈಗಿನ ಕಾಲಕ್ಕೆ ಆ ಮಾತು ಸಾಲುವುದೂ ಇಲ್ಲ. ನಾನು ತೆರೆಯುವ ಮೊದಲೇ ಆ್ಯಪ್ ಅದನ್ನು ತೆರೆದು ನೋಡಿರುತ್ತದೆ. ಚಾಟ್‌ನಲ್ಲಿ ಕಾಣುವ ಪುಟ್ಟ ಚಿತ್ರ ಮೂಡಬೇಕಾದರೆ ಫೈಲನ್ನು ಯಾರಾದರೂ ಬಿಚ್ಚಲೇಬೇಕಲ್ವಾ?

ಅಲ್ಲೇ ಇರೋದು ತೊಂದರೆ. ಫೈಲ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ: ನನ್ನ ಅಗಲ ಇಷ್ಟು, ಎತ್ತರ ಇಷ್ಟು, ಇಷ್ಟು ಜಾಗ ಬೇಕು. ಆ್ಯಪ್ ಅದನ್ನು ನಂಬಿ ಮೆಮೊರಿಯಲ್ಲಿ ಅಷ್ಟು ಜಾಗ ತೆಗೆದಿಡುತ್ತದೆ. ಫೈಲ್ ಸುಳ್ಳು ಹೇಳಿದ್ದರೆ ಉಳಿದದ್ದು ಪಕ್ಕದ ಜಾಗಕ್ಕೆ ಹರಿಯುತ್ತದೆ. ಪುಟ ಕಟ್ಟುವಾಗ ಟೆಕ್ಸ್ಟ್ ಬಾಕ್ಸ್ ತುಂಬಿ ಅಕ್ಷರ ಹೊರಗೆ ಹೋದರೆ ನನಗೆ ಮೂಲೆಯಲ್ಲಿ ಕೆಂಪು ಗುರುತು ಕಾಣುತ್ತದೆ. ಇಲ್ಲಿ ಗುರುತೂ ಇಲ್ಲ, ಏನೂ ಇಲ್ಲ. ಹರಿದು ಹೋದ ಆ ತುಂಡನ್ನು ಬೇಕೆಂದೇ ಬರೆದಿದ್ದರೆ, ಫೋನ್ ಅದನ್ನು ಆಜ್ಞೆ ಅಂದುಕೊಂಡು ನಡೆಸಿಬಿಡಬಹುದು. ಬಫರ್ ಓವರ್‌ಫ್ಲೋ ಅನ್ನೋದು ಇದಕ್ಕೇ.

ಮೊದಲು ವಾಟ್ಸಾಪ್. ಎಲ್ಲರ ಫೋನಿನಲ್ಲೂ ಇರೋದು ಅದೇ, ಹಾಗಾಗಿ ಕೆಟ್ಟವರ ಕಣ್ಣೂ ಅದರ ಮೇಲೆಯೇ ಜಾಸ್ತಿ.

2019ರ ಮೇ ತಿಂಗಳಿನ ಕಥೆ ಇಲ್ಲಿ ಹೇಳಲೇಬೇಕು. ವಾಟ್ಸಾಪ್ ಕರೆಯ ಭಾಗದಲ್ಲಿ ಬಫರ್ ಓವರ್‌ಫ್ಲೋ ಇತ್ತು. ಇಂಥ ತೂತುಗಳ ಸಾರ್ವಜನಿಕ ದಾಖಲೆಯಲ್ಲಿ ಅದರ ನಂಬರ್ ಸಿವಿಇ-2019-3568. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ತಯಾರಿಸಿದ ಪೆಗಾಸಸ್ ಎಂಬ ಗೂಢಚಾರಿ ಸಾಫ್ಟ್‌ವೇರ್ ಈ ದಾರಿಯಲ್ಲಿ ಫೋನಿನೊಳಗೆ ಬರುತ್ತಿತ್ತು. ಒಂದು ಕರೆ ಬಂದರೆ ಸಾಕು, ಎತ್ತಲೇಬೇಕು ಅಂತ ಇರಲಿಲ್ಲ. ಸುಮಾರು 1,400 ಜನರನ್ನು ಹೀಗೆ ಗುರಿ ಮಾಡಿದ್ದರು. ವಾಟ್ಸಾಪ್ ಬೇಗ ಸರಿಪಡಿಸಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಎನ್‌ಎಸ್‌ಒ ಮೇಲೆ ಅಮೆರಿಕದ ಕೋರ್ಟಿನಲ್ಲಿ ಕೇಸು ಹಾಕಿತು, 2025ರಲ್ಲಿ ಗೆದ್ದಿತು ಕೂಡ. ಎಲ್ಲಾ ಸರಿ. ಆದರೆ ಆ ತೂತು ಮುಚ್ಚಿದ ಐಫೋನ್ ವರ್ಷನ್‌ನ 'ಹೊಸತೇನಿದೆ' ಜಾಗದಲ್ಲಿ ಬರೆದಿದ್ದೇನು ಗೊತ್ತಾ? ನೋಟಿಫಿಕೇಶನ್ ಒತ್ತಿ ಹಿಡಿದರೆ ಸ್ಟಿಕ್ಕರ್ ಪೂರ್ತಿ ಗಾತ್ರದಲ್ಲಿ ಕಾಣುತ್ತದೆ ಅಂತ. ತೂತಿನ ಬಗ್ಗೆ ಅಲ್ಲಿ ಬಾಯೇ ಬಿಟ್ಟಿರಲಿಲ್ಲ.

ಸ್ಟಿಕ್ಕರ್ ಬೇಡದವರು ಅಪ್‌ಡೇಟ್ ಯಾಕೆ ಮಾಡಬೇಕು ಹೇಳಿ! 'ಬಗ್ ಸರಿಪಡಿಸಲಾಗಿದೆ' ಅನ್ನೋ ಒಂದು ಸಾಲಿನ ಹಿಂದೆ ಏನು ಬೇಕಾದರೂ ಇರಬಹುದು ಅಂತ ನಾನು ಈಗಲೂ ಎಲ್ಲರಿಗೂ ಹೇಳೋದು ಇದೇ ಕಾರಣಕ್ಕೆ.

ಈಗ ಪರಿಸ್ಥಿತಿ ಸುಧಾರಿಸಿದೆ. ವಾಟ್ಸಾಪ್ ತನ್ನ ವೆಬ್‌ಸೈಟಿನಲ್ಲಿ ಭದ್ರತಾ ಸೂಚನೆಗಳಿಗೆ ಅಂತಲೇ ಒಂದು ಪುಟ ಇಟ್ಟಿದೆ. ವರ್ಷ, ತಿಂಗಳು ಹಿಡಿದು ಯಾವ ತೂತು, ಯಾವ ವರ್ಷನ್‌ಗಿಂತ ಹಿಂದಿನವು ಅಪಾಯ ಅಂತ ಬರೆಯುತ್ತಾರೆ. ಭಾಷೆ ಒಣಗಿದ್ದು. ಆದರೂ ತಿಂಗಳಿಗೊಮ್ಮೆ ಕಣ್ಣಾಡಿಸುವಂಥದ್ದೇ. 2022ರ ಸೆಪ್ಟೆಂಬರ್‌ನ ಭಾಗ ನೋಡಿ. ಅಲ್ಲಿ ಎರಡು ತೂತುಗಳಿವೆ. ಒಂದು ವಿಡಿಯೋ ಕರೆ ನಡೆಯುವಾಗ, ಇನ್ನೊಂದು ಬೇಕೆಂದೇ ಕೆಡಿಸಿ ಕಳಿಸಿದ ವಿಡಿಯೋ ಫೈಲ್ ಬಂದಾಗ. ಎರಡರಲ್ಲೂ ದೂರದಲ್ಲಿ ಕೂತವನು ನಿಮ್ಮ ಫೋನಿನಲ್ಲಿ ತನ್ನ ಕೋಡ್ ಓಡಿಸಬಹುದಿತ್ತು.

ನನ್ನ ಕೆಲಸಕ್ಕೆ ತೀರಾ ಹತ್ತಿರದ್ದು ವಿಂಡೋಸ್ ವಾಟ್ಸಾಪ್‌ನ ತೂತು. 2025ರ ಏಪ್ರಿಲ್‌ನಲ್ಲಿ ಹೊರಗೆ ಬಂತು. 2.2450.6ಕ್ಕಿಂತ ಹಳೆಯ ವರ್ಷನ್‌ಗಳಲ್ಲಿ, ಬಂದ ಫೈಲನ್ನು ತೋರಿಸುವಾಗ ಆ್ಯಪ್ ಒಂದು ಗುರುತು ನೋಡುತ್ತಿತ್ತು, ತೆರೆಯುವಾಗ ಇನ್ನೊಂದು. ಅಂದರೆ ಕಳಿಸುವವರು 'ಇದು ಚಿತ್ರ' ಅಂತ ಹೇಳಿಕೊಂಡಿದ್ದರೆ ಚಾಟ್‌ನಲ್ಲಿ ಚಿತ್ರದ ಹಾಗೆಯೇ ಕಾಣುತ್ತದೆ. ಹೆಸರಿನ ಕೊನೆಯಲ್ಲಿ .ಎಕ್ಸ್‌ಇ ಇದ್ದರೆ, ಕ್ಲಿಕ್ ಮಾಡಿದಾಗ ಓಡುವುದು ಪ್ರೋಗ್ರಾಂ. 'ಕವರ್ ಫೈನಲ್', 'ಕವರ್ ಫೈನಲ್ ಹೊಸದು', 'ಕವರ್ ಫೈನಲ್ ಇದೇ ನೋಡಿ' ಎಂಬ ಹೆಸರಿನ ಚಿತ್ರಗಳನ್ನು ಸಾಲಾಗಿ ಕ್ಲಿಕ್ ಮಾಡುತ್ತಾ ಹೋಗುವವರ ಗತಿ ಯೋಚಿಸಿ. ಫೋನ್ ಅಪ್‌ಡೇಟ್ ಬಗ್ಗೆ ಎಚ್ಚರ ಇರುವವರೂ ಕಂಪ್ಯೂಟರಿನಲ್ಲಿರುವ ವಾಟ್ಸಾಪನ್ನು ಮರೆತೇ ಬಿಟ್ಟಿರುತ್ತಾರೆ. ಅದು ಬೇರೆಯೇ ಪ್ರೋಗ್ರಾಂ, ಅದಕ್ಕೆ ಬೇರೆಯೇ ಅಪ್‌ಡೇಟ್ ಬೇಕು.

2025ರ ಆಗಸ್ಟ್‌ನದ್ದು ಇನ್ನೂ ಜಟಿಲ. ಐಫೋನ್ ಮತ್ತು ಮ್ಯಾಕ್‌ನ ವಾಟ್ಸಾಪ್‌ನಲ್ಲಿ, ಲಿಂಕ್ ಮಾಡಿದ ಸಾಧನಗಳ ನಡುವಿನ ಸಂದೇಶವನ್ನು ಸರಿಯಾಗಿ ತಪಾಸಣೆ ಮಾಡದ ಒಂದು ತೂತು. ಆಪಲ್‌ನವರ ಚಿತ್ರ ಬಿಚ್ಚುವ ಭಾಗದಲ್ಲಿ ಇನ್ನೊಂದು. ಎರಡನ್ನೂ ಜೋಡಿಸಿ ದಾಳಿ ಮಾಡಿರುವ ಸಾಧ್ಯತೆ ಇದೆ ಅಂತ ವಾಟ್ಸಾಪ್ ಹೇಳಿತು. 200ಕ್ಕಿಂತ ಕಡಿಮೆ ಜನರಿಗೆ ನೇರವಾಗಿ ಎಚ್ಚರಿಕೆ ಹೋಯಿತು. ಇದರಿಂದ ನನಗೆ ಮುಖ್ಯ ಅನ್ನಿಸಿದ್ದು ಒಂದೇ: ಆ್ಯಪ್ ಅಪ್‌ಡೇಟ್ ಮಾಡಿ ಫೋನಿನ ಸಾಫ್ಟ್‌ವೇರ್ ಹಾಗೇ ಬಿಟ್ಟರೆ ಅರ್ಧ ಕೆಲಸ.

ವಾಟ್ಸಾಪ್ ಮೇಲಿನ ನನ್ನ ದೂರು ಏನೆಂದರೆ, ಅದು ತುಂಬಾ ಮೆತ್ತಗೆ. ತೀರಾ ಹಳೆಯ ವರ್ಷನ್‌ಗಳನ್ನು ಅದೂ ಕೊನೆಗೆ ನಿಲ್ಲಿಸುತ್ತದೆ, ನಿಜ. ಆದರೆ ಅಪಾಯದ ವರ್ಷನ್ ಬಳಸುತ್ತಿರುವವರಿಗೆ ಚಾಟ್ ಪಟ್ಟಿಯ ಮೇಲೆ ಕಣ್ಣಿಗೆ ರಾಚುವ ಹಾಗೆ ಒಂದು ಸಾಲು ತೋರಿಸಬಹುದಲ್ಲ? ಚಾನೆಲ್ ನೋಡಿ, ಎಐ ಕೇಳಿ ಅಂತ ತೋರಿಸೋಕೆ ಜಾಗ ಇದೆ, ಇದಕ್ಕಿಲ್ಲ. ಹಾಗಾಗಿ ಐದಕ್ಕೆ ಮೂರೂವರೆ.

ಸಿಗ್ನಲ್ ಈ ವಿಷಯದಲ್ಲಿ ಸ್ಕೂಲ್ ಮೇಷ್ಟರು. ಅದರ ಪ್ರತಿ ವರ್ಷನ್‌ಗೂ ಸುಮಾರು 90 ದಿನಗಳ ಆಯಸ್ಸು. ದಿನ ಹತ್ತಿರ ಬಂದಾಗ ಪರದೆಯ ಮೇಲೆ ಎಚ್ಚರಿಕೆಯ ಒಂದು ಸಾಲು ಬರುತ್ತದೆ. ಆಮೇಲೂ ಅಲ್ಲಾಡದಿದ್ದರೆ ಅವಧಿ ಮುಗಿದಿದೆ ಎಂದು ಹೇಳಿ ಮೆಸೇಜ್ ಕಳಿಸೋದನ್ನೇ ನಿಲ್ಲಿಸುತ್ತದೆ. ಬೇಡಿಕೊಂಡರೂ ಬಿಡಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರು ಸಿಗ್ನಲ್ ಹಾಕಿಕೊಂಡು ಅಪರೂಪಕ್ಕೊಮ್ಮೆ ತೆರೆಯುತ್ತಾರೆ. ಪ್ರತಿಸಲವೂ ಅಪ್‌ಡೇಟ್ ಕೇಳುತ್ತದೆ ಅಂತ ಮೂಗು ಮುರಿಯುತ್ತಾರೆ. ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ, ಒಪ್ಪಿಗೆ ಆಗೋದಿಲ್ಲ. ಹಳೇ ವರ್ಷನ್‌ನವರು ಬಳಗದಲ್ಲಿ ಒಬ್ಬರಿದ್ದರೂ ಆ ಗ್ರೂಪಿನ ಗುಟ್ಟೆಲ್ಲ ಅವರ ಫೋನಿನಷ್ಟೇ ಗಟ್ಟಿ.

ಸಿಗ್ನಲ್‌ನಲ್ಲಿ ತೂತೇ ಇರೋದಿಲ್ಲ ಅಂತ ತಿಳಿಯಬೇಡಿ. 2019ರಲ್ಲಿ ಗೂಗಲ್‌ನ ತೂತು ಹುಡುಕುವ ಪ್ರಾಜೆಕ್ಟ್ ಝೀರೋ ತಂಡದ ನಟಾಲಿ ಸಿಲ್ವನೊವಿಚ್ ಒಂದನ್ನು ಹಿಡಿದರು. ಆ್ಯಂಡ್ರಾಯ್ಡ್ ಸಿಗ್ನಲ್‌ಗೆ ಕರೆ ಮಾಡಿದವರು ತಮ್ಮ ಕಡೆಯ ಆ್ಯಪನ್ನು ತಿದ್ದಿಕೊಂಡಿದ್ದರೆ, ಆಚೆಯವರು ಎತ್ತದೇ ಇದ್ದರೂ ಕರೆ ಎತ್ತಿದಂತೆ ಮಾಡಬಹುದಿತ್ತು. ಮೈಕ್ ತೆರೆದುಕೊಳ್ಳುತ್ತಿತ್ತು. 4.47.7 ವರ್ಷನ್‌ನಲ್ಲಿ ಅದನ್ನು ಮುಚ್ಚಿದರು. ಅದೇ ವರ್ಷದ ಜನವರಿಯಲ್ಲಿ ಆಪಲ್‌ನ ಗ್ರೂಪ್ ಫೇಸ್‌ಟೈಮ್‌ನಲ್ಲೂ ಹೆಚ್ಚುಕಡಿಮೆ ಇಂಥದ್ದೇ ಬಗ್ ಬೆಳಕಿಗೆ ಬಂದಿತ್ತು. ಫೆಬ್ರವರಿ 7ಕ್ಕೆ ಐಒಎಸ್ 12.1.4 ಬರುವವರೆಗೆ ಆಪಲ್ ಗ್ರೂಪ್ ಕರೆಯನ್ನೇ ಬಂದ್ ಮಾಡಿ ಕೂತಿತ್ತು.

2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ಬಿಚ್ಚುವ ಲಿಬ್‌ವೆಬ್‌ಪಿ ಎಂಬ ಸಣ್ಣ ಲೈಬ್ರರಿಯಲ್ಲಿ (ಬೇರೆ ಬೇರೆ ಆ್ಯಪ್‌ನವರು ಎತ್ತಿ ಬಳಸುವ ಸಿದ್ಧ ಕೋಡ್) ತೂತು ಸಿಕ್ಕಿತು. ಅದು ಸಿಗ್ನಲ್‌ನವರದ್ದಲ್ಲ. ಕ್ರೋಮ್‌ನಲ್ಲೂ ಅದೇ, ಎಲೆಕ್ಟ್ರಾನ್ ಎಂಬ ಸಲಕರಣೆ ಬಳಸಿ ಕಟ್ಟಿದ ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲೂ ಅದೇ. ಸಿಗ್ನಲ್‌ನ ಡೆಸ್ಕ್‌ಟಾಪ್ ಕೂಡ ಎಲೆಕ್ಟ್ರಾನ್‌ನದ್ದೇ. ಇನ್ಯಾರೋ ಬರೆದ ಒಂದು ತುಂಡು ಕೋಡಿಗಾಗಿ ಎಷ್ಟೋ ಆ್ಯಪ್‌ಗಳು ಒಟ್ಟಿಗೆ ಅಪ್‌ಡೇಟ್ ಬಿಡಬೇಕಾಯಿತು. ಸಿಗ್ನಲ್ ಡೆಸ್ಕ್‌ಟಾಪ್‌ನಲ್ಲಿ ಹೊಸ ವರ್ಷನ್ ತಾನೇ ಇಳಿದು, ರೀಸ್ಟಾರ್ಟ್ ಮಾಡಿ ಅಂತ ಕೇಳುತ್ತದೆ. ಒಂದು ಕ್ಲಿಕ್. ನನಗೆ ಈ ಕ್ರಮ ಹಿಡಿಸಿದೆ. ಐದಕ್ಕೆ ನಾಲ್ಕೂವರೆ. ಆ ಅರ್ಧ ಕಳೆದದ್ದು, ತುರ್ತು ಹೊತ್ತಿನಲ್ಲಿ ಅವಧಿ ಮುಗಿದು, ನೆಟ್ ನಿಧಾನ ಇದ್ದರೆ ಕೈ ಕಟ್ಟಿದ ಹಾಗಾಗುತ್ತದೆ ಅನ್ನೋ ಕಾರಣಕ್ಕೆ.

ಟೆಲಿಗ್ರಾಂ ಬಗ್ಗೆ ನನಗೆ ಎರಡು ಮನಸ್ಸು. ದೊಡ್ಡ ಫೈಲ್ ಕಳಿಸೋಕೆ ಅದರಷ್ಟು ಸಲೀಸು ಬೇರೆ ಇಲ್ಲ. ಅಪ್‌ಡೇಟ್‌ಗಳೂ ಮೇಲಿಂದ ಮೇಲೆ ಬರುತ್ತವೆ. ಆದರೆ 2024ರಲ್ಲಿ ನಡೆದದ್ದು ನೋಡಿ. ಆ್ಯಂಡ್ರಾಯ್ಡ್ ಟೆಲಿಗ್ರಾಂನಲ್ಲಿ ಒಂದು ಎಪಿಕೆ ಫೈಲನ್ನು (ಆ್ಯಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) 30 ಸೆಕೆಂಡಿನ ವಿಡಿಯೋ ಅಂತ ತೋರಿಸಲು ಬರುತ್ತಿತ್ತು. ಇಸೆಟ್ ಎಂಬ ಭದ್ರತಾ ಕಂಪನಿಯವರು ಇದನ್ನು ಈವಿಲ್‌ವಿಡಿಯೋ ಅಂತ ಕರೆದರು. ಜೂನ್ 26ಕ್ಕೆ ಟೆಲಿಗ್ರಾಂಗೆ ತಿಳಿಸಿದರು, ಉತ್ತರ ಬರಲಿಲ್ಲ. ಜುಲೈ 4ಕ್ಕೆ ಮತ್ತೆ ಬರೆದ ಮೇಲೆ ಉತ್ತರ ಬಂತು, ಜುಲೈ 11ಕ್ಕೆ 10.14.5 ವರ್ಷನ್‌ನಲ್ಲಿ ಸರಿಯಾಯಿತು. ವಿಡಿಯೋ ಒತ್ತಿದರೆ 'ಇದನ್ನು ಓಡಿಸಲು ಆಗುತ್ತಿಲ್ಲ, ಬೇರೆ ಪ್ಲೇಯರ್ ಬೇಕಾ' ಎಂಬಂಥ ಕಿಟಕಿ, ಆಮೇಲೆ ಇನ್‌ಸ್ಟಾಲ್ ಮಾಡಲು ಅನುಮತಿ ಕೇಳುವ ಕಿಟಕಿ. ಎರಡೂ ಕಡೆ ಹೂಂ ಅಂದರೆ ಮಾತ್ರ ಕೆಡುಕು. ಹೂಂ ಅನ್ನುವವರು ಬೇಕಾದಷ್ಟು ಜನ ಇದ್ದಾರೆ.

ಅದೇ ವರ್ಷ ಏಪ್ರಿಲ್‌ನಲ್ಲಿ ವಿಂಡೋಸ್ ಟೆಲಿಗ್ರಾಂನಲ್ಲಿ ಸಿಕ್ಕಿದ್ದು ನನ್ನಂಥ ಪ್ರೂಫ್ ನೋಡುವವರಿಗೆ ಮರೆಯಲಾಗದ್ದು. ಅಪಾಯಕಾರಿ ಫೈಲ್‌ಗಳನ್ನು ತೆರೆಯುವ ಮೊದಲು ಎಚ್ಚರಿಸಬೇಕು ಅಂತ ಆ್ಯಪ್‌ನೊಳಗೆ ಒಂದು ಪಟ್ಟಿ ಇದೆ. ಅದರಲ್ಲಿ ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್‌ನ ಒಂದು ಬಗೆಯ ಫೈಲ್ ಹೆಸರಿನ ಕೊನೆಯ ಎರಡು ಅಕ್ಷರ ಹಿಂದುಮುಂದಾಗಿ ಟೈಪಾಗಿತ್ತು. ಪಿ-ವೈ-ಝಡ್-ಡಬ್ಲ್ಯೂ ಬದಲು ಪಿ-ವೈ-ಡಬ್ಲ್ಯೂ-ಝಡ್. ಅಷ್ಟೇ. ಪೈಥಾನ್ ಹಾಕಿಕೊಂಡ ಕಂಪ್ಯೂಟರುಗಳಲ್ಲಿ ಎಚ್ಚರಿಕೆ ಬಾರದೆ ಫೈಲ್ ಓಡಿಬಿಡುತ್ತಿತ್ತು. ಅಚ್ಚಿನ ತಪ್ಪು ಅಂದರೆ ಇದು! ಟೆಲಿಗ್ರಾಂ ಮೊದಲು ತನ್ನ ಸರ್ವರ್ ಕಡೆಯಿಂದಲೇ ಇಂಥ ಫೈಲ್‌ಗಳ ಹೆಸರಿನ ಕೊನೆ ಬದಲಾಯಿಸಿ ದಾರಿ ಮುಚ್ಚಿತು. ಬಳಸುವವರು ಏನೂ ಮಾಡಬೇಕಿರಲಿಲ್ಲ. ಅದಕ್ಕೆ ಮೆಚ್ಚುಗೆ. ಆದರೂ ಮೂರಕ್ಕಿಂತ ಮೇಲೆ ಕೊಡೋಕೆ ಮನಸ್ಸು ಬರುತ್ತಿಲ್ಲ. ತೂತು ಹೇಳಿದವರಿಗೆ ಮೊದಲ ಸಲವೇ ಉತ್ತರ ಕೊಡಬೇಕು. ಜತೆಗೆ, ಫೋಟೋ ವಿಡಿಯೋಗಳ ಆಟೋ ಡೌನ್‌ಲೋಡ್ ಆಫ್ ಮಾಡಿಟ್ಟುಕೊಳ್ಳೋದು ಒಳ್ಳೇದು. ನಾನಂತೂ ಮೂರೂ ಆ್ಯಪ್‌ಗಳಲ್ಲಿ ಆಫ್ ಮಾಡಿದ್ದೇನೆ.

ಆಪಲ್‌ನವರದ್ದೇ ಆದ ಐಮೆಸೇಜ್‌ಗೆ ಅಂಕ ಕೊಡಲ್ಲ. ಅದು ಬೇರೆ ಆ್ಯಪ್‌ಗಳ ಹಾಗೆ ಅಲ್ಲ, ಫೋನಿನ ಸಾಫ್ಟ್‌ವೇರ್ ಜತೆಯಲ್ಲೇ ಅಪ್‌ಡೇಟ್ ಆಗುತ್ತದೆ. ಒಂದು ಸಂಗತಿ ಮಾತ್ರ ಹೇಳಿ ಮುಂದೆ ಹೋಗುತ್ತೇನೆ. 2021ರಲ್ಲಿ ಕೆನಡಾದ ಸಿಟಿಜನ್ ಲ್ಯಾಬ್ ಸಂಶೋಧಕರು ಪತ್ತೆ ಮಾಡಿದ ಫೋರ್ಸ್ಡ್‌ಎಂಟ್ರಿ ದಾಳಿಯಲ್ಲಿ ಬಂದದ್ದು ಹೆಸರಿಗೆ ಜಿಫ್, ಒಳಗೆ ಪಿಡಿಎಫ್. ಆ ಪಿಡಿಎಫ್‌ನೊಳಗೆ ಜೆಬಿಗ್2 ಎಂಬ ಹಳೇ ವಿಧಾನದಲ್ಲಿ ಕುಗ್ಗಿಸಿದ ಚಿತ್ರ. ಸ್ಕ್ಯಾನ್ ಮಾಡಿದ ಕಪ್ಪು-ಬಿಳುಪು ಪುಟಗಳನ್ನು ಚಿಕ್ಕದು ಮಾಡಲು ನಾವು ಬಳಸುವ ಅದೇ ಜೆಬಿಗ್2. 70,000ಕ್ಕೂ ಹೆಚ್ಚು ಸಣ್ಣ ಸಣ್ಣ ಆಜ್ಞೆಗಳನ್ನು ಸೇರಿಸಿ, ಚಿತ್ರ ಬಿಚ್ಚುವ ಕೋಡಿನ ಒಳಗೇ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿದ್ದರು. ಸೆಪ್ಟೆಂಬರ್ 13ಕ್ಕೆ ಬಂದ ಐಒಎಸ್ 14.8 ಅದನ್ನು ಮುಚ್ಚಿತು. 'ನಾಳೆ ನೆನಪಿಸು' ಅಂತ ಒತ್ತುತ್ತಾ ಹೋದವರ ಫೋನಿನಲ್ಲಿ ಅದು ತೆರೆದೇ ಇತ್ತು.

ಇನ್ನು ಆ್ಯಪ್‌ನವರು ಎಷ್ಟೇ ಚುರುಕಾಗಿದ್ದರೂ ಕೊನೆಯ ಮೆಟ್ಟಿಲಲ್ಲಿ ಕೈ ಕೊಡೋದು ನಮ್ಮ ಫೋನೇ. ನನ್ನ ಅಪ್ಪನ ಫೋನ್ ಒಳ್ಳೆ ಉದಾಹರಣೆ. ಆಟೋ ಅಪ್‌ಡೇಟ್ ಆನ್ ಇದೆ. ಆದರೂ ವಾಟ್ಸಾಪ್ ತಿಂಗಳುಗಟ್ಟಲೆ ಹಳೆಯದು. ಯಾಕೆ? ಆ್ಯಂಡ್ರಾಯ್ಡ್‌ನಲ್ಲಿ ಆಟೋ ಅಪ್‌ಡೇಟ್ ಸಾಮಾನ್ಯವಾಗಿ ನಡೆಯೋದು ಫೋನ್ ವೈಫೈನಲ್ಲಿ, ಚಾರ್ಜಿಗೆ ಹಾಕಿ, ಯಾರೂ ಮುಟ್ಟದೆ ಇದ್ದಾಗ. ಅಪ್ಪ ಚಾರ್ಜಿಗೆ ಹಾಕೋದು ಬೆಳಿಗ್ಗೆ, ಅದೂ ಚಾರ್ಜ್ ಆಗುತ್ತಿರುವಾಗಲೇ ಕೈಯಲ್ಲಿ ಹಿಡಿದು ವಿಡಿಯೋ ನೋಡುತ್ತಾ. ರಾತ್ರಿ ಮಲಗುವಾಗ ವೈಫೈ ರೂಟರ್ ಆರಿಸಿ ಮಲಗುತ್ತಾರೆ. ಫೋನಿಗೆ ಬಿಡುವೇ ಸಿಗಲ್ಲ.

ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ, ಆ್ಯಪ್‌ಗಳನ್ನು ನಿರ್ವಹಿಸುವ ಪುಟಕ್ಕೆ ಹೋದೆ. ಉದ್ದನೆಯ ಸಾಲು ಕಾದು ಕೂತಿತ್ತು. 'ಎಲ್ಲಾ ಅಪ್‌ಡೇಟ್ ಮಾಡು' ಒತ್ತಿದರೆ ವಾಟ್ಸಾಪ್ ಸರದಿ ಯಾವಾಗ ಬರುತ್ತದೋ. ಅದಕ್ಕೇ ಎಲ್ಲಾ ಬಿಟ್ಟು ವಾಟ್ಸಾಪ್ ಪಕ್ಕದ ಬಟನ್ ಒಂದನ್ನೇ ಒತ್ತಿದೆ. ಜಾಗ ಸಾಲದು ಅಂತ ಬಂತು. ಆಗ ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಿಸುವ ಕಡೆ ಹೋಗಿ ನೋಡಿದರೆ, 'ಹಲವು ಬಾರಿ ಫಾರ್ವರ್ಡ್ ಆದದ್ದು' ಅನ್ನೋ ಗುಂಪೇ ಅರ್ಧ ಫೋನ್ ತಿಂದಿತ್ತು. ಒಂದೇ ವಿಡಿಯೋ ನಾಲ್ಕು ಗ್ರೂಪಿನಿಂದ ಬಂದು ನಾಲ್ಕು ಕಡೆ ಕೂತಿತ್ತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತೋರಿಸಿ ಅಳಿಸಿದೆ. ಕೆಲವಕ್ಕೆ 'ಇದಿರಲಿ' ಅಂದರು. ಇರಲಿ. ಜಾಗ ಆಯಿತು, ಅಪ್‌ಡೇಟ್ ಇಳಿಯಿತು. ಆಮೇಲೆ ಪ್ಲೇ ಸ್ಟೋರ್‌ನ ನೆಟ್‌ವರ್ಕ್ ಆಯ್ಕೆಯಲ್ಲಿ ಮೊಬೈಲ್ ಡೇಟಾದಲ್ಲೂ ಅಪ್‌ಡೇಟ್ ಆಗಲಿ ಅಂತ ಬದಲಾಯಿಸಿದೆ. ಆಟೋ ಅಪ್‌ಡೇಟ್ ಆನ್ ಇದೆ ಅಂತ ನಿಶ್ಚಿಂತೆಯಿಂದ ಇರುವವರು ಒಮ್ಮೆ ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಹಾಯ ಅನ್ನೋ ಕಡೆ ಹೋಗಿ, ಆ್ಯಪ್ ಮಾಹಿತಿ ತೆರೆದು ವರ್ಷನ್ ನಂಬರ್ ನೋಡಿಕೊಳ್ಳಿ.

ಸಂಬಂಧಿಕರೊಬ್ಬರು ಮಾತ್ರ ಇದ್ಯಾವುದೂ ನನಗೆ ಬೇಡ, ನನ್ನ ವಾಟ್ಸಾಪ್‌ನಲ್ಲಿ ಅಳಿಸಿದ ಮೆಸೇಜೂ ಕಾಣುತ್ತದೆ, ಬಣ್ಣನೂ ಬದಲಾಗುತ್ತದೆ ಅಂತ ತೋರಿಸಿದರು. ಯಾರೋ ಕಳಿಸಿದ ಎಪಿಕೆ, ಬದಲಾಯಿಸಿ ಕಟ್ಟಿದ ವಾಟ್ಸಾಪ್. ಇವುಗಳಿಗೆ ಪ್ಲೇ ಸ್ಟೋರ್‌ನಿಂದ ಅಪ್‌ಡೇಟ್ ಬರೋದೇ ಇಲ್ಲ. ಎಫ್ಎಂ ವಾಟ್ಸಾಪ್ ಎಂಬ ಇಂಥದ್ದೇ ಒಂದರ 16.80.0 ವರ್ಷನ್‌ನಲ್ಲಿ ಟ್ರಯಾಡಾ ಎಂಬ ಟ್ರೋಜನ್ (ವೇಷ ಮರೆಸಿ ಬರುವ ಕೆಟ್ಟ ಸಾಫ್ಟ್‌ವೇರ್) ಇರೋದನ್ನು ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ 2021ರಲ್ಲೇ ತೋರಿಸಿತ್ತು. ತೂತು ಮುಚ್ಚೋ ಮಾತು ಹಾಗಿರಲಿ, ಕಳ್ಳ ಒಳಗೇ ಸೇರಿಕೊಂಡು ಬರುತ್ತಾನೆ. ಇವಕ್ಕೆ ಸೊನ್ನೆ.

ಹಳೇ ಫೋನುಗಳದ್ದು ಬೇರೆ ಸಂಕಟ. ವಾಟ್ಸಾಪ್‌ಗೆ ಈಗ ಐಫೋನಿನಲ್ಲಿ ಕನಿಷ್ಠ ಐಒಎಸ್ 15.1 ಬೇಕು. 2025ರಲ್ಲಿ ಈ ಗೆರೆ ಎಳೆದಾಗ ಸರಿಯಾಗಿ ನಡೆಯುತ್ತಿದ್ದ ಎಷ್ಟೋ ಫೋನುಗಳು ಹೊರಗುಳಿದವು. ಬೈದುಕೊಂಡವರು ಬಹಳ. ನಾನು ಕಂಪನಿಯ ಪರ. ಫೋನಿನ ಸಾಫ್ಟ್‌ವೇರಿಗೇ ಅಪ್‌ಡೇಟ್ ನಿಂತ ಮೇಲೆ ಮೇಲಿನ ಆ್ಯಪ್ ಒಂದನ್ನು ಹೊಸದು ಮಾಡಿ ಏನು ಪ್ರಯೋಜನ?

ಅಪ್‌ಡೇಟ್ ಮಾಡಿದರೂ ನಿಲ್ಲದ ದಾಳಿಗಳೂ ಇವೆ ಅನ್ನೋದು ನಿಜ. 2025ರ ಫೆಬ್ರವರಿಯಲ್ಲಿ ಗೂಗಲ್ ಬಯಲು ಮಾಡಿದ್ದು ಅಂಥದ್ದು. ರಷ್ಯಾ ಪರ ಗುಂಪುಗಳು ಗ್ರೂಪಿನ ಆಹ್ವಾನ ಅಂತ ನಂಬಿಸಿ ಕ್ಯುಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿದವರ ಸಿಗ್ನಲ್ ಖಾತೆಗೆ ತಮ್ಮ ಸಾಧನವನ್ನು ಲಿಂಕ್ ಮಾಡಿಕೊಳ್ಳುತ್ತಿದ್ದವು. ಕೋಡಿನಲ್ಲಿ ತೂತಿಲ್ಲ, ನಮ್ಮ ನಂಬಿಕೆಯಲ್ಲಿ ಇತ್ತು. ಆದರೂ ಸಿಗ್ನಲ್ ಅದಕ್ಕೂ ಅಪ್‌ಡೇಟ್ ಕೊಟ್ಟು, ಲಿಂಕ್ ಮಾಡುವ ಕ್ರಮವನ್ನೇ ಬಿಗಿ ಮಾಡಿತು. ಲಿಂಕ್ ಆದ ಸಾಧನಗಳ ಪಟ್ಟಿಯನ್ನು ಆಗಾಗ ನೋಡಿ, ಗುರುತಿಲ್ಲದ್ದನ್ನು ಕಿತ್ತು ಹಾಕೋದು ಮೂರೂ ಆ್ಯಪ್‌ಗಳಲ್ಲಿ ಆಗುವಂಥ ಕೆಲಸ.

ಬೇಗ ಅಪ್‌ಡೇಟ್ ಸಿಗಲಿ ಅಂತ ಬೀಟಾ (ಪರೀಕ್ಷೆಗೆಂದು ಮೊದಲೇ ಬಿಡುವ ವರ್ಷನ್) ಸೇರಬೇಕಾ ಅಂತ ಆಫೀಸಿನವರು ಕೇಳಿದ್ದರು. ಬೇಡ ಅಂದೆ. ಬೀಟಾ ಅಂದರೆ ಹೊಸ ಬಗ್‌ಗಳನ್ನು ಎಲ್ಲರಿಗಿಂತ ಮೊದಲು ಅನುಭವಿಸೋ ಭಾಗ್ಯ. ಮಾಮೂಲಿ ವರ್ಷನ್ ಬಂದ ದಿನವೇ ಹಾಕಿಕೊಂಡರೆ ಧಾರಾಳವಾಗಿ ಸಾಕು. ಕೆಲವೊಮ್ಮೆ ಪಕ್ಕದವರ ಫೋನಿಗೆ ಬಂದ ಅಪ್‌ಡೇಟ್ ನಮಗೆ ಒಂದೆರಡು ದಿನ ತಡವಾಗಿ ಕಾಣಬಹುದು, ಯಾಕಂದರೆ ಕಂಪನಿಗಳು ಹಂತ ಹಂತವಾಗಿ ಬಿಡುತ್ತವೆ. ಅಷ್ಟಕ್ಕೆ ಗಾಬರಿಯಾಗಿ ಎಲ್ಲಿಂದಲೋ ಎಪಿಕೆ ತಂದು ಹಾಕೋಕೆ ಹೋಗಬೇಡಿ.